ಹಾರ್ಡ್‌ವೇರ್ ಸಿಂಥ್‌ನಲ್ಲಿ (ತಂತ್ರಾಂಶವಲ್ಲದ, ವಾದ್ಯರೂಪದ ಸಿಂಥಸೈಜರ್‌ನಲ್ಲಿ) ಮನೋಧರ್ಮದಿಂದ ನುಡಿಸುವಾಗ ಮಿಡಿ (ನಾದವಲ್ಲ, ನುಡಿಸಿದ್ದರ ಡಿಜಿಟಲ್ ಸೂಚನೆಗಳು) ಮಾತ್ರ ರೆಕಾರ್ಡ್ ಮಾಡಿಕೊಂಡರೆ ಸಾಕೇ?

ಸಾಲದು, ಆಡಿಯೋ ಬೇಕೇ ಬೇಕು. ಯಾವ ಕೀಲಿಯನ್ನು ಎಷ್ಟು ಜೋರಾಗಿ ಒತ್ತಿದಿರಿ ಎಂಬುದು ಮಿಡಿಯಲ್ಲಿ ಸಿಗುತ್ತದೆ. ಆದರೆ ಸಿಂಥ್‌ನಲ್ಲಿ ಅರ್ಧ ಮನೋಧರ್ಮ ಇರುವುದೇ ನಾದವನ್ನು ಬದಲಿಸುವ ನಾಬ್‌ಗಳಲ್ಲಿ, ಆ ತಿರುವುಗಳು ಎಲ್ಲ ಸಿಂಥ್‌ಗಳಲ್ಲೂ ಮಿಡಿಗೆ ಬರುವುದಿಲ್ಲ. 1970ರ ಮೂಲ ಮಿನಿಮೂಗ್ ಸಿಂಥ್‌ಗೆ ಮಿಡಿಯೂ ಇಲ್ಲ, ಪ್ಯಾಚ್ (ಒಂದು ನಾದಕ್ಕಾಗಿ ಮಾಡಿದ ನಾಬ್‌ಗಳ ಹೊಂದಿಕೆ) ಉಳಿಸುವ ಮೆಮೊರಿಯೂ ಇಲ್ಲ. ಅಂಥ ವಾದ್ಯವಾದರೆ ಪ್ಯಾನೆಲ್‌ನ ಫೋಟೋ ತೆಗೆದಿಟ್ಟುಕೊಳ್ಳಿ.

ಕೇಳಿದ ಕೂಡಲೇ ಭವ್ಯವೆನಿಸುವ ಪ್ಯಾಚ್ ಸಾಮಾನ್ಯವಾಗಿ ಮನೋಧರ್ಮಕ್ಕೆ ಒದಗುವುದಿಲ್ಲ, ಅಲ್ಲಿ ಬೆಳೆಸಲು ಜಾಗವೇ ಉಳಿದಿರುವುದಿಲ್ಲ. ಎರಡು ಸಾ-ಟೂತ್ ಆಸಿಲೇಟರ್‌ಗಳನ್ನು (ಗರಗಸದ ಹಲ್ಲಿನಾಕಾರದ ಅಲೆ ಹೊರಡಿಸುವ ನಾದಮೂಲಗಳನ್ನು) ಶ್ರುತಿಯಲ್ಲಿ ಕೂದಲೆಳೆಯಷ್ಟು ಬೇರ್ಪಡಿಸಿ. ಮೇಲಿನ ಆವರ್ತನಗಳನ್ನು ತಗ್ಗಿಸುವ ಲೋ-ಪಾಸ್ ಫಿಲ್ಟರ್‌ನ ಕಟಾಫ್ (ಎಲ್ಲಿಂದ ತಗ್ಗಿಸಬೇಕೆಂಬ ಮಿತಿ) ನಡುವಿನಲ್ಲಿರಲಿ, ಆಗ ನಾದವನ್ನು ತೆರೆಯಲೂ ಮುಚ್ಚಲೂ ಅವಕಾಶವಿರುತ್ತದೆ. ಸ್ವಲ್ಪ ಗ್ಲೈಡ್ ಸೇರಿಸಿದರೆ ಸ್ವರಗಳು ಜಾರಿಕೊಂಡು ಬರುತ್ತವೆ. 1982ರಲ್ಲಿ ಮುಂಬೈನ ಚರಣ್‌ಜಿತ್ ಸಿಂಗ್ ರೋಲೆಂಡ್ ಕಂಪನಿಯ ಟಿಬಿ-303 ಬಾಸ್ ಸಿಂಥ್, ಟಿಆರ್-808 ಡ್ರಮ್ ಯಂತ್ರ, ಜುಪಿಟರ್-8 ಸಿಂಥ್ ಇಟ್ಟುಕೊಂಡು ರಾಗಗಳನ್ನೇ ನುಡಿಸಿ ರೆಕಾರ್ಡ್ ಮಾಡಿದ್ದರು, ಹುಡುಕಿ ಕೇಳಿ.

ರೆಕಾರ್ಡಿಂಗ್ 24 ಬಿಟ್‌ನಲ್ಲಿರಲಿ. ಶಿಖರಗಳು -12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲಲಿ, ಏಕೆಂದರೆ ರೆಸೊನೆನ್ಸ್ (ಕಟಾಫ್ ಬಳಿಯ ಆವರ್ತನಗಳನ್ನು ಎತ್ತಿ ತೋರಿಸುವ ನಾಬ್) ಏರಿಸಿದಾಗ ಮಟ್ಟ ದಿಢೀರನೆ ಜಿಗಿಯುತ್ತದೆ. ಚಾನೆಲ್‌ಗಳಿದ್ದರೆ ರಿವರ್ಬ್ (ಕೋಣೆಯ ಅನುರಣನದಂಥ ಪರಿಣಾಮ) ಇಲ್ಲದ ಒಣ ನಾದವನ್ನೂ ಬೇರೆ ಟ್ರ್ಯಾಕ್‌ನಲ್ಲಿ ಹಿಡಿಯಿರಿ. ಮುಖ್ಯವಾಗಿ, ನುಡಿಸಲು ಕೂರುವ ಮೊದಲೇ ರೆಕಾರ್ಡ್ ಒತ್ತಿಬಿಡಿ.