ಕೆಳಗಿಳಿದು ಮೇಲೇರುವ ಕಣ್ಣು: ಅಪ್ಪನಿಗೆ ಎಚ್ಚರವಿದೆಯೇ?

ಪ್ರಶ್ನೆ: ಅಪ್ಪನಿಗೆ ಮಿದುಳುಕಾಂಡದಲ್ಲಿ ರಕ್ತಸ್ರಾವವಾಗಿ ಹತ್ತು ದಿನವಾಯಿತು. ಐಸಿಯುನಲ್ಲಿದ್ದಾರೆ. ಕರೆದರೆ ಓಗೊಡುವುದಿಲ್ಲ, ಕೈಕಾಲು ಆಡುವುದಿಲ್ಲ. ಆದರೆ ಆಗಾಗ ಎರಡೂ ಕಣ್ಣುಗುಡ್ಡೆಗಳು ಥಟ್ಟನೆ ಕೆಳಗಿಳಿದು, ಆಮೇಲೆ ನಿಧಾನವಾಗಿ ಮೇಲೆ ಬರುತ್ತವೆ. ಅಪ್ಪ ಕಣ್ಣಲ್ಲೇ ‘ಹೂಂ’ ಅನ್ನುತ್ತಿದ್ದಾರೆ ಎನ್ನುತ್ತಾರೆ ಅಮ್ಮ. ನಿಜವೇ?

ಉತ್ತರ: ಬಹುಶಃ ಅಲ್ಲ. ಆದರೆ ‘ಹೂಂ’ ಅಲ್ಲ ಎಂದಮಾತ್ರಕ್ಕೆ ಅವರಿಗೆ ಎಚ್ಚರವಿಲ್ಲ ಎಂದೂ ಅಲ್ಲ. ಇವೆರಡನ್ನೂ ಬೇರೆಬೇರೆಯಾಗಿಯೇ ನೋಡಬೇಕು.

ನೀವು ಹೇಳಿದ ಚಲನೆಗೆ ಆಕ್ಯುಲರ್ ಬಾಬಿಂಗ್ ಎಂದು ಹೆಸರು. ಮೀನು ಎಳೆದಾಗ ಗಾಳದ ಬೆಂಡು ಮುಳುಗಿ ತೇಲುತ್ತದಲ್ಲ, ಹಾಗೆ. 1964ರಲ್ಲಿ ನರವೈದ್ಯ ಮಿಲ್ಲರ್ ಫಿಶರ್ ಇದನ್ನು ವಿವರಿಸಿದರು. ಕಣ್ಣನ್ನು ಎಡಬಲಕ್ಕೆ ಹೊರಳಿಸುವ ಕೇಂದ್ರ ಮಿದುಳುಕಾಂಡದ ನಡುಭಾಗವಾದ ಪಾನ್ಸ್‌ನಲ್ಲಿದೆ. ಮೇಲೆ ಕೆಳಗೆ ಆಡಿಸುವ ಕೇಂದ್ರ ಅದಕ್ಕಿಂತ ಮೇಲೆ, ಮಿಡ್‌ಬ್ರೇನ್‌ನಲ್ಲಿ. ಪಾನ್ಸ್ ಹಾಳಾದರೆ ಅಡ್ಡ ಚಲನೆ ನಿಂತುಹೋಗುತ್ತದೆ, ಲಂಬ ಚಲನೆ ಉಳಿಯುತ್ತದೆ. ಬಾಬಿಂಗ್‌ನಲ್ಲಿ ರೋಗಿಯ ಇಚ್ಛೆಯ ಪಾತ್ರವಿಲ್ಲ. ಪೆಟ್ಟು ದೊಡ್ಡದೆಂದು ಹೇಳುವ ಲಕ್ಷಣ ಇದು. ಅದನ್ನು ನಿಮ್ಮಿಂದ ಮುಚ್ಚಿಡಲಾರೆ.

ಆದರೆ ಇದೇ ಪಾನ್ಸ್‌ನ ಮುಂಭಾಗಕ್ಕೆ ಮಾತ್ರ ಪೆಟ್ಟು ಬಿದ್ದಾಗ ಇನ್ನೊಂದು ಸ್ಥಿತಿ ಉಂಟಾಗಬಹುದು: ಲಾಕ್ಡ್-ಇನ್ ಸಿಂಡ್ರೋಮ್. ರೋಗಿಗೆ ಪೂರ್ತಿ ಎಚ್ಚರವಿರುತ್ತದೆ, ಎಲ್ಲವೂ ಕೇಳಿಸುತ್ತದೆ. ಆದರೆ ಮಾತಿಲ್ಲ, ಕೈಕಾಲಿಗೆ ಕಸುವಿಲ್ಲ. ಅವರ ಕೈಯಲ್ಲಿ ಉಳಿಯುವುದು ಕಣ್ಣನ್ನು ಮೇಲೆ ಕೆಳಗೆ ಆಡಿಸುವುದು, ರೆಪ್ಪೆ ಮಿಟುಕಿಸುವುದು, ಅಷ್ಟೆ. ಇಂಥವರನ್ನು ಕೋಮಾದಲ್ಲಿದ್ದಾರೆಂದು ದಿನಗಟ್ಟಲೆ ತಪ್ಪು ತಿಳಿದ ನಿದರ್ಶನಗಳಿವೆ. ಎಷ್ಟೋ ಸಲ ಅದನ್ನು ಮೊದಲು ಗುರುತಿಸಿದವರು ಮನೆಯವರೇ. ಹಾಗಾಗಿ ಅಮ್ಮನ ಮಾತನ್ನು ತಳ್ಳಿಹಾಕಬೇಡಿ, ಪರೀಕ್ಷಿಸಿ ನೋಡಿ.

ಮೊದಲು ಯಾರೂ ಮಾತಾಡದೆ ಎರಡು ನಿಮಿಷ ನೋಡಿ. ಕಣ್ಣು ಆಗಲೂ ಅದೇ ರೀತಿ ಇಳಿದು ಏರುತ್ತಿದ್ದರೆ ಅದು ಉತ್ತರವಲ್ಲ. ಆಮೇಲೆ “ಅಪ್ಪಾ, ಮೇಲೆ ನೋಡಿ” ಎನ್ನಿ, ಕಾಯಿರಿ. “ಎರಡು ಸಲ ರೆಪ್ಪೆ ಮುಚ್ಚಿ” ಎನ್ನಿ. ಕೆಳಗೆ ನೋಡಲು ಮಾತ್ರ ಹೇಳಬೇಡಿ. ಬಾಬಿಂಗ್ ತಾನಾಗಿಯೇ ಕೆಳಗಿಳಿದು ನಿಮ್ಮನ್ನು ಏಮಾರಿಸುತ್ತದೆ. ಒಮ್ಮೆ ಹೊಂದಿಕೆಯಾದರೆ ಕಾಕತಾಳೀಯ ಇರಬಹುದು. ಹೇಳಿದಾಗ ಮಾಡಿ, ಹೇಳದಾಗ ಸುಮ್ಮನಿದ್ದು, ಅದು ಮತ್ತೆ ಮತ್ತೆ ಹಾಗೇ ಆದರೆ ಅರ್ಥವಿದೆ. ನಿದ್ದೆಬರಿಸುವ ಔಷಧಿ ಹರಿಯುತ್ತಿರುವಾಗ ಈ ಪರೀಕ್ಷೆ ವ್ಯರ್ಥ. ಅದನ್ನು ಯಾವಾಗ ಇಳಿಸುತ್ತಾರೆಂದು ವೈದ್ಯರನ್ನು ಕೇಳಿ, ದಿನದ ಬೇರೆಬೇರೆ ಹೊತ್ತಿನಲ್ಲಿ ಪ್ರಯತ್ನಿಸಿ.

ಅನುಮತಿ ಸಿಕ್ಕರೆ ಮೊಬೈಲಿನಲ್ಲಿ ಕಣ್ಣಿನ ವಿಡಿಯೊ ಮಾಡಿ ನರವೈದ್ಯರಿಗೆ ತೋರಿಸಿ. ಇಳಿಯುವುದು ವೇಗವೋ ಏರುವುದು ವೇಗವೋ ಎಂಬುದೂ ಮುಖ್ಯ. ನಿಧಾನವಾಗಿ ಇಳಿದು ಥಟ್ಟನೆ ಏರಿದರೆ ಅದು ಬೇರೆಯೇ ಲಕ್ಷಣ. ಮಿದುಳಿಗೆ ಆಮ್ಲಜನಕ ಸಾಲದೆ ಹೋದಾಗ ಕಾಣಿಸುವುದುಂಟು. ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಪರೀಕ್ಷೆಯಿಂದಲೂ ನೆರವಾಗುತ್ತದೆ: ಲಾಕ್ಡ್-ಇನ್ ಆದವರಲ್ಲಿ ಅದು ಸಾಮಾನ್ಯವಾಗಿ ಎಚ್ಚರವಿರುವವರ ಇಇಜಿಯನ್ನೇ ಹೋಲುತ್ತದೆ.

ಇದೆಲ್ಲ ತಿಳಿಯುವತನಕ ಅಪ್ಪನಿಗೆ ಕೇಳಿಸುತ್ತಿದೆ ಎಂದುಕೊಂಡೇ ಮಾತಾಡಿಸಿ. ‘ಉಳಿಯುತ್ತಾರೋ ಇಲ್ಲವೋ’ ಎಂಬ ಚರ್ಚೆ ಕೋಣೆಯ ಹೊರಗಿರಲಿ.