ಸ್ಪೇನ್‌ನಲ್ಲಿ ಭಾಷೆ ಕಲಿಯಲು ಹಾಸ್ಟೆಲ್ ಒಳ್ಳೆಯದಾ, ಅಲ್ಲಿನವರ ಮನೆಯಾ?

ಮೂರು ತಿಂಗಳ ಸ್ಪ್ಯಾನಿಷ್ ಕೋರ್ಸಿಗೆ ಸಾಲಮಾಂಕಾಗೆ ಹೋಗುತ್ತಿದ್ದೇನೆ, ಸಸ್ಯಾಹಾರಿ, ಹಾಸ್ಟೆಲ್‌ನಲ್ಲಿರಲೋ ಯಾರದಾದರೂ ಮನೆಯಲ್ಲೋ ಅಂತ ಕೇಳಿದ್ದೀರಿ. ನಾನು 2019ರಲ್ಲಿ ಅದೇ ಊರಲ್ಲಿ ಅಷ್ಟೇ ದಿನ ಒಬ್ಬ ಅಜ್ಜಿಯ ಮನೆಯಲ್ಲಿದ್ದೆ. ಕಣ್ಣು ಮುಚ್ಚಿಕೊಂಡು ಮನೆಯನ್ನೇ ಆರಿಸಿ. 1218ರಿಂದ ಯೂನಿವರ್ಸಿಟಿ ಇರುವ ಊರು ಅದು, ಎಲ್ಲೆಲ್ಲೂ ವಿದೇಶಿ ವಿದ್ಯಾರ್ಥಿಗಳು. ಹಾಸ್ಟೆಲ್‌ನಲ್ಲಿದ್ದರೆ ಇಂಗ್ಲಿಷ್‌ನಲ್ಲೇ ದಿನ ಕಳೆದುಹೋಗುತ್ತೆ. ಆದರೆ ದುಡ್ಡು ಕಟ್ಟುವ ಮೊದಲು ಆ ಮನೆಯಲ್ಲಿ ಬೇರೆ ಎಷ್ಟು ವಿದ್ಯಾರ್ಥಿಗಳಿದ್ದಾರೆ ಅಂತ ಕೇಳಿ. ಮೂರು ನಾಲ್ಕು ಜನರಿದ್ದರೆ ಅದೂ ಹಾಸ್ಟೆಲ್ಲೇ.

ಊಟದ ವಿಷಯ. ‘ಕಾರ್ನೆ’ (ಮಾಂಸ) ಬೇಡ ಅಂದರೆ ಸಾಲದು. ಮೊದಲ ದಿನ ಅಜ್ಜಿ ಮಸೂರ್ ಬೇಳೆಯಂಥ ಲೆಂತೆಹಾಸ್ ಬಡಿಸಿದರು. ಸಾರಿನ ಮೇಲೆ ಕೆಂಪು ಎಣ್ಣೆ ತೇಲುತ್ತಿತ್ತು. ಕೇಳಿದರೆ, ಮಾಂಸ ಹಾಕಿಲ್ಲಪ್ಪ, ರುಚಿಗೆ ಒಂದು ತುಂಡು ಚೊರೀಸೊ ಅಷ್ಟೇ ಅಂದರು! ಚೊರೀಸೊ ಅಂದರೆ ಹಂದಿ ಮಾಂಸದ ಸಾಸೇಜು. ಹಾಗಾಗಿ ‘ನಿ ಹಮೋನ್, ನಿ ಚೊರೀಸೊ, ನಿ ಅತೂನ್’ ಅಂತ ಹೆಸರು ಹಿಡಿದು ಹೇಳಿ. ಹಂದಿ, ಸಾಸೇಜು, ಮೀನು ಎಲ್ಲ ಬಂತು. ಮೊಟ್ಟೆ ತಿಂದರೆ ಆಲೂಗಡ್ಡೆ ತೊರ್ತೀಯಾ (ಅಲ್ಲಿನ ದಪ್ಪ ಆಮ್ಲೆಟ್) ಇರುವವರೆಗೆ ಚಿಂತೆಯಿಲ್ಲ.

ಇನ್ನೊಂದು ಪಾಠ ಹೊಟ್ಟೆಗೇ ಬಿತ್ತು. ಇನ್ನೂ ಸ್ವಲ್ಪ ಹಾಕಲಾ ಅಂತ ಕೇಳಿದಾಗ ನಮ್ಮ ಅಭ್ಯಾಸದಂತೆ ಸುಮ್ನೆ ‘ನೋ, ಗ್ರಾಸಿಯಾಸ್’ (ಬೇಡ, ಥ್ಯಾಂಕ್ಸ್) ಅಂದೆ. ನಮ್ಮಲ್ಲಾದರೆ ಅದಾದ ಮೇಲೇ ಉಪಚಾರ ಶುರು ಅಲ್ವಾ? ಅಜ್ಜಿ ಪಾತ್ರೆ ಎತ್ತಿ ಫ್ರಿಜ್‌ನಲ್ಲಿಟ್ಟರು. ಅದು ಮಧ್ಯಾಹ್ನ ಮೂರು ಗಂಟೆ. ಅಲ್ಲಿ ರಾತ್ರಿ ಊಟ ಒಂಬತ್ತೂವರೆಗೆ.

ಭಾಷೆಗೆ ಬಂದರೆ, ಇಂಗ್ಲಿಷ್ ಮೂಲಕ ಯೋಚಿಸುವುದನ್ನು ಬಿಡಿ, ಕನ್ನಡದಿಂದ ಹೋಗಿ. ‘ಮೆ ಗುಸ್ತಾ ಎಲ್ ಕಫೆ’ ಅಂದರೆ ‘ನನಗೆ ಕಾಫಿ ಇಷ್ಟ’. ‘ಮೆ ದುಎಲೆ ಲಾ ಕಬೇಸಾ’ ಅಂದರೆ ‘ನನಗೆ ತಲೆ ನೋಯುತ್ತೆ’. ‘ವೊಯ್’ ಅಂದರೆ ‘ಹೋಗ್ತೀನಿ’, ನಾನು ಅಂತ ಬೇರೆ ಹೇಳಬೇಕಿಲ್ಲ. ಕ್ಲಾಸಿನ ಇಂಗ್ಲಿಷ್ ಹುಡುಗರು ವಾರಗಟ್ಟಲೆ ಒದ್ದಾಡಿದ ತ, ದ ನಮಗೆ ಹುಟ್ಟಿನಿಂದ ಬಂದಿವೆ. ಮಾತು ಮಾತಿಗೆ ‘ಪೋರ್ ಫವೋರ್’ (ಪ್ಲೀಸ್) ಕೂಡ ಬೇಡ. ನೀರು ಬೇಕಾದರೆ ‘ಮೆ ದಾಸ್ ಆಗುವಾ?’ ಸಾಕು, ನಮ್ಮ ‘ನೀರು ಕೊಡ್ತೀಯಾ?’ ಇದ್ದ ಹಾಗೆ. ನನಗೆ ಕಷ್ಟವಾಗಿದ್ದು ಆ ಏಕವಚನವೇ. ನಮ್ಮಜ್ಜಿ ವಯಸ್ಸಿನವರಿಗೆ ‘ತೂ’ (ನೀನು) ಅನ್ನಲು ಬಾಯೇ ಬರಲಿಲ್ಲ. ನಾನು ‘ಉಸ್ತೆದ್’ (ನೀವು) ಅಂದಾಗಲೆಲ್ಲ, ನನ್ನನ್ನು ಮುದುಕಿ ಮಾಡ್ತೀಯಾ ಅಂತ ಬೈಯುತ್ತಿದ್ದರು.

ಊಟ ಮುಗಿದ ತಕ್ಷಣ ರೂಮಿಗೆ ಓಡಬೇಡಿ. ತಟ್ಟೆ ಎತ್ತಿದ ಮೇಲೂ ಮೇಜಿನ ಸುತ್ತ ಕೂತು ಹರಟುವುದಕ್ಕೆ ಅಲ್ಲಿ ಸೊಬ್ರೆಮೆಸಾ ಅಂತ ಹೆಸರೇ ಇದೆ. ನಾನು ಕ್ಲಾಸಿಗಿಂತ ಜಾಸ್ತಿ ಕಲಿತದ್ದು ಅಲ್ಲೇ.

ಮನೆಯವರಿಗೆ ಏನಾದರೂ ಒಯ್ಯಬೇಕಾದರೆ ಫಿಲ್ಟರ್ ಕಾಫಿ ಪುಡಿ ಒಯ್ಯಿರಿ. ಅಜ್ಜಿ ಪೊಟ್ಟಣ ಬಿಚ್ಚಿ ಮೂಸಿದವರೇ ‘ಅಚಿಕೋರಿಯಾ!’ ಅಂದರು. ಚಿಕೋರಿ! ಸ್ಪೇನ್‌ನ ಅಂತರ್ಯುದ್ಧ ಮುಗಿದದ್ದು 1939ರಲ್ಲಿ, ರೇಷನ್ ಚೀಟಿ ಹೋದದ್ದು 1952ರಲ್ಲಿ. ಆ ಬರಗಾಲದಲ್ಲಿ ಅವರ ಮನೆಯಲ್ಲಿ ಕಾಫಿಯೆಂದರೆ ಹುರಿದ ಚಿಕೋರಿಯೇ ಆಗಿತ್ತಂತೆ. ನಾವು ದುಡ್ಡು ಕೊಟ್ಟು ಅದನ್ನು ಬೆರೆಸಿಕೊಳ್ಳುತ್ತೇವೆ ಅಂದಾಗ ನಂಬಲೇ ಇಲ್ಲ. ಒಂದು ಗಂಟೆ ಅವರಮ್ಮನ ಕಥೆ ಹೇಳಿದರು. ನಾನು ಡಿಕ್ಷನರಿ ತೆಗೆದದ್ದು ಎರಡೇ ಸಲ.