ಮುಖ್ಯವಾಹಿನಿಯ ಸಿನಿಮಾಗಳಲ್ಲಿ ಹೊಸ ಕಥೆಗಳೇಕೆ ಬರುವುದಿಲ್ಲ?

ಕಥೆಗಾರರ ಬರದಿಂದಲ್ಲ, ದೊಡ್ಡ ಬಜೆಟ್ಟಿನ ಚಿತ್ರ ಯಾರೂ ನೋಡುವ ಮೊದಲೇ ಮಾರಾಟವಾಗಬೇಕಾದ್ದರಿಂದ. ಹಾಸನದ ಚಿತ್ರಮಂದಿರಗಳಿಗೆ ಸಿನಿಮಾ ತರುವ ವಿತರಕ ಎಷ್ಟೋ ಸಲ ‘ಮಿನಿಮಮ್ ಗ್ಯಾರಂಟಿ’ ಕೊಟ್ಟಿರುತ್ತಾನೆ. ಎಂದರೆ, ಚಿತ್ರ ಓಡದಿದ್ದರೂ ಮರಳಿ ಕೇಳುವಂತಿಲ್ಲದ ಹಣ. ಅದನ್ನು ಕಟ್ಟುವಾಗ ಅವನ ಕಣ್ಣ ಮುಂದಿರುವುದು ನಾಯಕನ ಹೆಸರು, ಒಂದು ಟೀಸರ್, ಹಿಂದಿನ ಚಿತ್ರದ ಗಳಿಕೆ, ಅಷ್ಟೇ. ಹೊಡೆದಾಟಕ್ಕೆ, ಕುಣಿತದ ಹಾಡಿಗೆ, ‘ಭಾಗ 2’ಕ್ಕೆ ಹಳೆಯ ಲೆಕ್ಕವಿದೆ, ಹೊಸ ಕಥೆಗೆ ಹೋಲಿಸಿ ನೋಡಲು ಏನೂ ಇಲ್ಲ. ಟಿವಿ, ಓಟಿಟಿ ಹಕ್ಕು ಕೊಳ್ಳುವವರೂ ಬಹುಪಾಲು ಹೀಗೆಯೇ. ನಾವೇನು ಕಡಿಮೆಯೇ? ಸಕಲೇಶಪುರದಿಂದ ಬಸ್ ಹತ್ತಿ ಬಂದ ಕುಟುಂಬ ಪರಿಚಿತ ಮುಖದ ಪೋಸ್ಟರ್ ಇರುವ ಕಡೆಗೇ ನಡೆಯುತ್ತದೆ. ಹೊಸತನ ಸಿಗುವುದು ಸಣ್ಣ ಬಜೆಟ್ಟಿನಲ್ಲಿ. ಮೊದಲ ವಾರ ಜನ ಬರದಿದ್ದರೆ ಅದನ್ನೂ ಎತ್ತಿಬಿಡುತ್ತಾರೆ.